ಬರೆದವನಲ್ಲ, ಅಚ್ಚು ಹಾಕಿದವನು

ಕಳೆದ ವರ್ಷ ನಾವು ನಾಲ್ವರು ಗೆಳೆಯರು ಸೇರಿ ಉದ್ಯೋಗಾಕಾಂಕ್ಷಿಗಳಿಗಾಗಿ ಒಂದು ಪುಟ್ಟ ಸುದ್ದಿ ಜಾಲತಾಣ ಶುರು ಮಾಡಿದೆವು. ಒಂದು ಕೋಚಿಂಗ್ ಸೆಂಟರ್ ತನ್ನಲ್ಲಿ ಓದದೇ ಇದ್ದವರ ಫೋಟೊಗಳನ್ನೂ ಬ್ಯಾನರಿನಲ್ಲಿ ಹಾಕಿಕೊಂಡಿದೆ ಎಂದು ಗೆಳತಿಯೊಬ್ಬಳು ದಾಖಲೆ ಸಮೇತ ಬರೆದಳು. ಹದಿನೈದೇ ದಿನದಲ್ಲಿ ಮಾನನಷ್ಟದ ಲೀಗಲ್ ನೋಟಿಸ್ ಬಂತು. ಅವಳಿಗಲ್ಲ, ನನಗೆ! ಡೊಮೇನ್ ನನ್ನ ಹೆಸರಿನಲ್ಲಿತ್ತು. ಅಪ್ಪ ಎರಡು ದಿನ ಮಾತು ಬಿಟ್ಟರು. ಆಗ ನೆನಪಾದವನು, ಪರೀಕ್ಷೆಗೆಂದು ಎರಡು ಸಾಲು ಓದಿ ಮರೆತಿದ್ದ ಜಾನ್ ಪೀಟರ್ ಝೆಂಗರ್.

ಝೆಂಗರ್ ಹುಟ್ಟಿದ್ದು 1697ರಲ್ಲಿ, ಜರ್ಮನಿಯಲ್ಲಿ. 1710ರಲ್ಲಿ ಬಡ ಕುಟುಂಬ ಹಡಗು ಹತ್ತಿ ನ್ಯೂಯಾರ್ಕಿಗೆ ಹೊರಟಿತು. ದಾರಿಯಲ್ಲೇ ಅಪ್ಪ ತೀರಿಕೊಂಡ. ಹುಡುಗ ವಿಲಿಯಂ ಬ್ರಾಡ್‌ಫರ್ಡ್ ಎಂಬ ಮುದ್ರಕನ ಬಳಿ ಎಂಟು ವರ್ಷದ ಕರಾರಿಗೆ ಕೆಲಸಕ್ಕೆ ಸೇರಿದ. ಮೊಳೆ ಜೋಡಿಸುತ್ತಲೇ ಬೆಳೆದು, 1726ರಲ್ಲಿ ಸ್ವಂತ ಅಚ್ಚುಕೂಟ ಇಟ್ಟ.

ಆಗ ನ್ಯೂಯಾರ್ಕ್ ಬ್ರಿಟಿಷರ ವಸಾಹತು. ಗವರ್ನರ್ ವಿಲಿಯಂ ಕಾಸ್ಬಿ ತನಗೆ ಒಗ್ಗದ ಮುಖ್ಯ ನ್ಯಾಯಾಧೀಶನನ್ನೇ ಕಿತ್ತುಹಾಕಿದ್ದ. ಇದ್ದ ಒಂದೇ ಪತ್ರಿಕೆ ಬ್ರಾಡ್‌ಫರ್ಡ್‌ನದು, ಅದು ಗವರ್ನರ್ ಪರ. ವಿರೋಧಿಗಳಿಗೆ ಬೇರೆ ಮುದ್ರಕ ಬೇಕಿತ್ತು. ಹೀಗೆ 1733ರ ನವೆಂಬರ್ 5ರಂದು ‘ನ್ಯೂಯಾರ್ಕ್ ವೀಕ್ಲಿ ಜರ್ನಲ್’ ಹೊರಬಂತು. ತೆರೆಮರೆಯ ಸಂಪಾದಕ ವಕೀಲ ಜೇಮ್ಸ್ ಅಲೆಕ್ಸಾಂಡರ್. ಬರೆದವರ ಹೆಸರು ಎಲ್ಲೂ ಇಲ್ಲ. ಹೆಸರಿದ್ದದ್ದು ಝೆಂಗರನದು ಮಾತ್ರ.

ಮರುವರ್ಷ ಕಾಸ್ಬಿ ನಾಲ್ಕು ಸಂಚಿಕೆಗಳನ್ನು ಸುಡಿಸಿದ. ನವೆಂಬರ್ 17ರಂದು ಝೆಂಗರನ ಬಂಧನವಾಯಿತು. ತನ್ನ ಆಸ್ತಿ ನಲವತ್ತು ಪೌಂಡೂ ದಾಟದು ಎಂದು ಆತ ಹೇಳಿಕೊಂಡರೂ ಜಾಮೀನಿಗೆ ಕೇಳಿದ್ದು ನಾನೂರು ಪೌಂಡ್. ಬರೆದವರ ಹೆಸರು ಬಿಟ್ಟುಕೊಟ್ಟಿದ್ದರೆ ಏನಾಗುತ್ತಿತ್ತೋ! ಕೊಡಲಿಲ್ಲ. ಸುಮಾರು ಒಂಬತ್ತು ತಿಂಗಳು ಒಳಗೇ ಕಳೆದ.

ನನಗೆ ಇಷ್ಟವಾಗುವವಳು ಹೆಂಡತಿ ಅನ್ನಾ ಕ್ಯಾಥರೀನ್. ಪಠ್ಯದ ಆ ಎರಡು ಸಾಲಿನಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಬಂಧನವಾದ ವಾರ ಒಂದು ಸಂಚಿಕೆ ತಪ್ಪಿತು. ಆಮೇಲೆ ಜೈಲಿನ ಬಾಗಿಲ ತೂತಿನ ಮೂಲಕ ಗಂಡ ಹೇಳಿದ್ದನ್ನು ಕೇಳಿಸಿಕೊಂಡು ಬಂದು ಪತ್ರಿಕೆ ನಡೆಸಿದಳು. 1746ರಲ್ಲಿ ಗಂಡ ತೀರಿಕೊಂಡ ಮೇಲೂ ಅಚ್ಚುಕೂಟ ಬಿಡಲಿಲ್ಲ.

ಮೊಕದ್ದಮೆಯ ದಾರಿಯೂ ನೇರವಾಗಿರಲಿಲ್ಲ. ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿ ಒಪ್ಪದಿದ್ದಾಗ ಸರ್ಕಾರಿ ವಕೀಲನೇ ನೇರವಾಗಿ ಕೇಸು ಹೂಡಿದ. ನ್ಯಾಯಾಧೀಶರ ನೇಮಕವನ್ನು ಪ್ರಶ್ನಿಸಿದ್ದಕ್ಕೆ ಝೆಂಗರನ ಇಬ್ಬರು ವಕೀಲರ ಸನ್ನದನ್ನೇ ಕಿತ್ತುಕೊಂಡರು. 1735ರ ಆಗಸ್ಟ್ 4ರಂದು ಫಿಲಡೆಲ್ಫಿಯಾದಿಂದ ಬಂದ ಆಂಡ್ರ್ಯೂ ಹ್ಯಾಮಿಲ್ಟನ್ ಎದ್ದು ನಿಂತು, ಅಚ್ಚು ಹಾಕಿದ್ದು ತನ್ನ ಕಕ್ಷಿದಾರನೇ ಎಂದು ಒಪ್ಪಿಕೊಂಡುಬಿಟ್ಟ! ಅಂದಿನ ಕಾನೂನಿನಲ್ಲಿ ಅಲ್ಲಿಗೆ ಕಥೆ ಮುಗಿದಂತೆ. ಅಚ್ಚಾದದ್ದು ನಿಜವೋ ಸುಳ್ಳೋ ಎಂಬುದು ಲೆಕ್ಕಕ್ಕೇ ಇರಲಿಲ್ಲ. ಅಚ್ಚಾಗಿದೆಯೇ ಎಂದಷ್ಟೇ ಜ್ಯೂರಿ ಹೇಳಬೇಕು, ಅದು ಮಾನಹಾನಿಯೇ ಎಂದು ತೀರ್ಮಾನಿಸುವವರು ನ್ಯಾಯಾಧೀಶರು. ಸುಳ್ಳನ್ನು ಮಾತ್ರ ಶಿಕ್ಷಿಸಿ ಎಂದು ಹ್ಯಾಮಿಲ್ಟನ್ ನೇರವಾಗಿ ಆ ಹನ್ನೆರಡು ಜನರನ್ನೇ ಕೇಳಿಕೊಂಡ. ಅವರು ಸ್ವಲ್ಪ ಹೊತ್ತಿನಲ್ಲೇ ಹೊರಬಂದು ನಿರಪರಾಧಿ ಎಂದರು.

ಕಾನೂನು ಮಾತ್ರ ಬದಲಾಗಲಿಲ್ಲ. ಸದುದ್ದೇಶದಿಂದ ಪ್ರಕಟಿಸಿದ ಸತ್ಯಕ್ಕೆ ನ್ಯೂಯಾರ್ಕಿನ ಶಾಸನದಲ್ಲಿ ರಕ್ಷಣೆ ಸಿಕ್ಕಿದ್ದು 1805ರಲ್ಲಿ. ಅಷ್ಟರಲ್ಲಿ ಝೆಂಗರ್ ಸತ್ತು ಅರ್ಧ ಶತಮಾನ ದಾಟಿತ್ತು.

ನೋಟಿಸ್ ಹಿಡಿದು ಪರಿಚಯದ ಹಿರಿಯ ವಕೀಲರ ಬಳಿ ಹೋದೆ. ಐಟಿ ಕಾಯ್ದೆಯ 79ನೇ ಸೆಕ್ಷನ್ ಇದೆಯಲ್ಲ ಸರ್ ಅಂದೆ. ಅವರು ನಕ್ಕರು. ಬೇರೆಯವರು ಹಾಕಿದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ತಾಣಗಳಿಗೆ ಅದು ಆಸರೆ, ನೀವೇ ಆರಿಸಿ ತಿದ್ದಿ ಹಾಕಿದರೆ ಪ್ರಕಾಶಕರಾದಿರಿ ಎಂದು ವಿವರಿಸಿದರು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ತೆಗೆದು ತೋರಿಸಿದರು. ಮಾನಹಾನಿಗೆ ಎರಡು ವರ್ಷದವರೆಗೆ ಸಜೆ. ಸತ್ಯವಾಗಿದ್ದರಷ್ಟೇ ಸಾಲದು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಆಮೇಲೆ ಕೇಳಿದ್ದು ಒಂದೇ: ದಾಖಲೆ ಎಲ್ಲಿ?

ಗೆಳತಿ ಫೈಲು ತಂದಳು. ಫೋಟೊದಲ್ಲಿದ್ದ ಇಬ್ಬರು ಅಭ್ಯರ್ಥಿಗಳು ಬರೆದುಕೊಟ್ಟ ಪತ್ರಗಳೂ ಅದರಲ್ಲಿದ್ದವು. ಉತ್ತರಕ್ಕೆ ತಾನೂ ಸಹಿ ಹಾಕುತ್ತೇನೆಂದು ಹಟ ಹಿಡಿದಳು. ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಮೂರು ತಿಂಗಳಾಯಿತು. ಆ ಕಡೆಯಿಂದ ಇನ್ನೂ ಏನೂ ಬಂದಿಲ್ಲ. ಲೇಖನ ತಾಣದಲ್ಲೇ ಇದೆ. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನಿಂತರೆ ಅಪ್ಪ ಈಗಲೂ ನನ್ನ ಮುಖ ನೋಡುತ್ತಾರೆ.