ಪಾಚಿ ವಿಜ್ಞಾನಿ ಪ್ರೊ. ಎಂ.ಓ. ಪಾರ್ಥಸಾರಥಿ ಅಯ್ಯಂಗಾರ್ (1886–1963)

ಶಹಾಬಜಾರ ಹಾಗೂ ಕಲಬುರಗಿ ನಗರದ ಇತರ ಬಡಾವಣೆಗಳ ನಾಗರಿಕರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂತ್ರ, ಕಫ ಮುಂತಾದವುಗಳ ಕಲ್ಚರ್ ಪರೀಕ್ಷೆಗೆ ಅರ್ಜಿ ಸಲ್ಲಿಸಿದಾಗ, ಸದರಿ ಮಾದರಿಯಲ್ಲಿರುವ ರೋಗಾಣುಗಳನ್ನು ಅಗರ್ ಎಂಬ ವಸ್ತುವಿನ ಮೇಲೆ ಬೆಳೆಸಿ ಗುರುತಿಸಲಾಗುತ್ತದೆ. ಅಗರ್ ಕೆಂಪು ಕಡಲಪಾಚಿಯಿಂದ ದೊರೆಯುವ ನೈಸರ್ಗಿಕ ಪದಾರ್ಥ. ಸಿಹಿ ತಿನಿಸುಗಳಿಗೆ ಬಳಸುವ ಚೈನಾ ಗ್ರಾಸ್ ಸಹ ಇದೇ ಆಗಿರುತ್ತದೆ. ಜೆಲಟಿನ್ ನಮ್ಮ ಬೇಸಿಗೆಯ 40 ಡಿಗ್ರಿ ಶಾಖಕ್ಕೆ ಕರಗಿ ನೀರಾಗುತ್ತದೆ; ಅಗರ್ ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಸಮುದ್ರದಿಂದ ಬಹುದೂರದಲ್ಲಿರುವ ನಮ್ಮ ಜಿಲ್ಲೆಯೂ ಕಡಲಪಾಚಿಯನ್ನು ಅವಲಂಬಿಸಿರುವುದರಿಂದ, ಭಾರತದಲ್ಲಿ ಅದರ ಅಧ್ಯಯನಕ್ಕೆ ತಳಹದಿ ಹಾಕಿದ ವಿಜ್ಞಾನಿಯೊಬ್ಬರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ ಅವರು 1886ರ ಡಿಸೆಂಬರ್ 15ರಂದು ಮದರಾಸಿನಲ್ಲಿ ಜನಿಸಿದರು. ಅವರ ಹೆಸರಿನಲ್ಲಿರುವ ಮಂಡಯಂ ಎಂಬುದು ಮಂಡ್ಯ ಮತ್ತು ಮೇಲುಕೋಟೆಯೊಂದಿಗೆ ಸಂಬಂಧವುಳ್ಳ ಶ್ರೀವೈಷ್ಣವ ಸಮುದಾಯದ ಗುರುತು. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಅನಂತರ ಮದರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು.

ಆ ಕಾಲದಲ್ಲಿ ನಮ್ಮ ಪಾಚಿಗಳನ್ನು ಹೆಸರಿಸಿ ವರ್ಗೀಕರಿಸುವ ಕೆಲಸ ಹೆಚ್ಚಾಗಿ ಯುರೋಪಿನ ವಿದ್ವಾಂಸರ ಕೈಯಲ್ಲಿತ್ತು. ಶ್ರೀಯುತರು ಸ್ವತಃ ಕೆರೆ, ಹೊಂಡ, ಒದ್ದೆ ಮಣ್ಣು ಮತ್ತು ಕಡಲತೀರಗಳಲ್ಲಿ ಪಾಚಿಗಳನ್ನು ಅಭ್ಯಸಿಸಿದರು. ಮನ್ನಾರ್ ಕೊಲ್ಲಿಯಲ್ಲಿ ಪಾಂಬನ್ ಬಳಿ ಇರುವ ಕ್ರುಸಡೈ ಎಂಬ ಸಣ್ಣ ದ್ವೀಪದ ಸಸ್ಯಗಳನ್ನು ಕುರಿತ ಅವರ ಬರಹ 1927ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಪ್ರಕಟಣೆಯಲ್ಲಿ ಬಂದಿತು. ದಕ್ಷಿಣ ಭಾರತದ ಕಡಲಪಾಚಿಗಳ ಬಗ್ಗೆಯೂ ಅವರು ಅದೇ ವರ್ಷ ಬರೆದರು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಇವು ದಾಸ್ತಾನು ವಹಿಗಳು. ಉಗ್ರಾಣದಲ್ಲಿ ಏನಿದೆ ಎಂದು ಬರೆದಿಡದೆ ಅದರಿಂದ ಎಷ್ಟು ತೆಗೆಯಬಹುದೆಂದು ನಿರ್ಧರಿಸಲಾಗದು.

ಇದರ ಮಹತ್ವ ಎರಡನೇ ಮಹಾಯುದ್ಧದಲ್ಲಿ ಕಂಡುಬಂದಿತು. ಜಗತ್ತಿಗೆ ಅಗರ್ ಪೂರೈಸುತ್ತಿದ್ದುದು ಮುಖ್ಯವಾಗಿ ಜಪಾನ್. 1941ರ ಡಿಸೆಂಬರಿನಲ್ಲಿ ಆ ದೇಶ ಯುದ್ಧಕ್ಕಿಳಿದ ಮೇಲೆ ಪೂರೈಕೆ ನಿಂತುಹೋಗಿ, ಭಾರತದ ಕರಾವಳಿಯ ಪಾಚಿಗಳಿಂದಲೇ ಅಗರ್ ತೆಗೆಯುವ ಪ್ರಯೋಗಗಳು ನಡೆದವು. ಶ್ರೀಯುತರ ಕ್ಷೇತ್ರ ವರ್ಗೀಕರಣ ಮತ್ತು ಜೀವನಚಕ್ರ, ಕಾರ್ಖಾನೆಯಲ್ಲ. ಆದರೆ ಯಾವ ಪಾಚಿ ಎಲ್ಲಿ ಬೆಳೆಯುತ್ತದೆ ಎಂದು ತಿಳಿಯದೆ ಕಾರ್ಖಾನೆ ನಡೆಯುವಂತಿಲ್ಲ.

ಇದಕ್ಕೆ ಮೊದಲೇ, 1930ರಲ್ಲಿ, ಅವರು ಲಂಡನ್ನಿಗೆ ತೆರಳಿ ಪ್ರೊ. ಫ್ರಿಟ್ಷ್ ಅವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದಿದ್ದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ತಾವು ಕಂಡುಹಿಡಿದ, ಮಣ್ಣಿನ ಮೇಲೆ ಬೆಳೆಯುವ ಒಂದು ಹಸಿರು ಪಾಚಿಗೆ 1932ರಲ್ಲಿ ಗುರುವಿನ ಹೆಸರಿನಿಂದ ಫ್ರಿಟ್ಷಿಯೆಲ್ಲಾ ಎಂದು ನಾಮಕರಣ ಮಾಡಿದರು. ಡೆನ್ಮಾರ್ಕಿನ ವಿಜ್ಞಾನಿ ಬೋರ್ಗೆಸೆನ್ ಅವರು ಕಂದು ಕಡಲಪಾಚಿಯ ಒಂದು ಕುಲಕ್ಕೆ ಇಯಂಗೇರಿಯಾ ಎಂದು ಹೆಸರಿಟ್ಟು ಶ್ರೀಯುತರನ್ನು ಗೌರವಿಸಿದ್ದಾರೆ.

ಮನ್ನಾರ್ ಕೊಲ್ಲಿಯ ಹಳ್ಳಿಗಳ ಮಹಿಳೆಯರು ನೀರಿಗಿಳಿದು ಬಂಡೆಗಳಿಂದ ಕಡಲಪಾಚಿಯನ್ನು ಕೈಯಿಂದ ಕಿತ್ತು ಜೀವನ ನಡೆಸಿಕೊಂಡು ಬಂದಿರುತ್ತಾರೆ. ಬಂಡೆಗೆ ಅಂಟಿದ ಬುಡವನ್ನು ಉಳಿಸಿ ಮೇಲಿನ ಭಾಗವನ್ನಷ್ಟೇ ಕೊಯ್ದರೆ ಪಾಚಿ ಮತ್ತೆ ಚಿಗುರುತ್ತದೆ; ಬುಡಸಮೇತ ಕಿತ್ತರೆ ಆ ಜಾಗ ಬರಿದಾಗುತ್ತದೆ. ಕ್ರುಸಡೈ ಸೇರಿದಂತೆ ಅಲ್ಲಿನ ದ್ವೀಪಗಳನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೆ ಸಂಗ್ರಹಣೆಗೆ ನಿರ್ಬಂಧ ಬಂದಿತು. ದ್ವೀಪಗಳಿಗೆ ರಕ್ಷಣೆ ದೊರೆಯಿತಾದರೂ ಅದರ ಭಾರ ಈ ಮಹಿಳೆಯರ ಸಂಪಾದನೆಯ ಮೇಲೆ ಬಿದ್ದಿತೆಂಬುದನ್ನು ಮರೆಮಾಚುವಂತಿಲ್ಲ.

ಶ್ರೀಯುತರು ಎಪ್ಪತ್ತೇಳನೆಯ ಹುಟ್ಟುಹಬ್ಬಕ್ಕೆ ಐದು ದಿನಗಳಿರುವಾಗ, 1963ರ ಡಿಸೆಂಬರ್ 10ರಂದು ನಿಧನರಾದರು. ಅವರು ಮತ್ತು ಅವರ ಶಿಷ್ಯ ಟಿ.ವಿ. ದೇಶಿಕಾಚಾರಿ ಅವರ ಹೆಸರಿನಲ್ಲಿ ಹಸಿರು ಪಾಚಿಗಳ ಒಂದು ಗುಂಪನ್ನು ಕುರಿತ ಬೃಹತ್ ಗ್ರಂಥವನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1981ರಲ್ಲಿ ಪ್ರಕಟಿಸಿತು.