ಇಪ್ಪತ್ಮೂರು ವರ್ಷ ತಡವಾಗಿ ಬಂದ ಪದಕ

ಪೈಲಟ್ ಆಗಬೇಕೆನ್ನುವ ಬಮ್ಮಿಗಟ್ಟಿ ಕಡೆಯ ಹುಡುಗರಿಗೆ ಗೊತ್ತಿರಬೇಕಾದ ಹೆಸರು, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1932ರಲ್ಲಿ ಹುಟ್ಟಿದ ಅವರು 1954ರಲ್ಲಿ ವಾಯುಸೇನೆ ಪೈಲಟ್ ಆದರು. ಮುಂದೆ ಹೊಸಬರಿಗೆ ವಿಮಾನ ಹಾರಿಸೋದು ಕಲಿಸುವ ಮಾಸ್ತರರೂ ಆದರು.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆ ಮೇಲೆ ದಾಳಿ. ದೇವಯ್ಯನವರದು ಬದಲಿ ಸರದಿ. ಒಂದು ವಿಮಾನ ಹಿಂದುಳಿದಿದ್ದಕ್ಕೆ ಅವರೇ ಹೊರಟರು. ಅವರ ಮಿಸ್ಟೇರ್‌ಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನ ಬೆನ್ನು ಹತ್ತಿತು. ಏಟು ತಿಂದರೂ ಓಡಲಿಲ್ಲ, ತಿರುಗಿಬಿದ್ದು ಅದನ್ನ ಕೆಡವಿದರು. ಎದುರಾಳಿ ಪೈಲಟ್ ಪ್ಯಾರಾಶೂಟಿನಿಂದ ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ.

ನಮ್ಮ ದಫ್ತರದಲ್ಲಿ ಅವರು ಬರೇ ಕಾಣೆಯಾದವರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರ ಪುಸ್ತಕ ಬಂದ ಮೇಲೆ ನಿಜ ಹೊರಬಿತ್ತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಪದಕ ಪಡೆಯಲು ಹೋದವರು ಪತ್ನಿ.