ಅಳೆದು ಕುಡಿದ ದಂಡನಾಯಕ

ನಾಗಪುರದ ಮಹಲ್ ಭಾಗದ ಇಕ್ಕಟ್ಟು ಗಲ್ಲಿಗಳಲ್ಲಿ ಓಡಾಡುವಾಗ ಭೋಸಲೆ ರಾಜರ ನೆನಪಾಗುವುದು ಸಹಜ. ಆ ಭೋಸಲೆಯವರನ್ನು 1803ರಲ್ಲಿ ಸೋಲಿಸಿದವನು ನಮ್ಮ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಇದ್ದವನು ಎಂಬುದು ಸಂಘದ ಎಷ್ಟೋ ಸದಸ್ಯರಿಗೆ ಗೊತ್ತಿರಲಿಕ್ಕಿಲ್ಲ. ಅವನೇ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಮಣಿಸಿದವನು. ಅವನ ಯುದ್ಧಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೇಳಬೇಕೆನಿಸಿರುವುದು ಅವನ ಊಟದ ಮೇಜಿನ ಮೇಲಿದ್ದ ಗ್ಲಾಸಿನ ಬಗ್ಗೆ.

1769ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ವೆಲ್ಲೆಸ್ಲಿ ಹೆಸರಿಗೆ ದೊಡ್ಡ ಮನೆತನದವನು, ಕೈಯಲ್ಲಿ ಮಾತ್ರ ಕಾಸಿಲ್ಲ. ಡಬ್ಲಿನ್ನಿನಲ್ಲಿ ಜೂಜು, ಸಾಲ, ಮೋಜು ಎಲ್ಲವೂ ಇತ್ತು. 1793ರಲ್ಲಿ ಅದೇನು ತೋಚಿತೋ, ಪ್ರೀತಿಯಿಂದ ನುಡಿಸುತ್ತಿದ್ದ ಪಿಟೀಲನ್ನೇ ಸುಟ್ಟುಹಾಕಿದ. ನಾಲ್ಕು ವರ್ಷದ ಬಳಿಕ 33ನೇ ರೆಜಿಮೆಂಟಿನೊಂದಿಗೆ ಕಲ್ಕತ್ತೆಗೆ ಬಂದಿಳಿದ.

ಆಗಿನ ಸೈನ್ಯದಲ್ಲಿ ಕುಡಿತ ಅಂದರೆ ಊಟದಷ್ಟೇ ಮಾಮೂಲಿ. ಅಧಿಕಾರಿಗಳ ಮೇಜಿನಲ್ಲಿ ರಾಜನ ಹೆಸರಿಗೊಂದು, ರೆಜಿಮೆಂಟಿಗೊಂದು, ಗೆಳೆಯನಿಗೊಂದು ಎಂದು ಗ್ಲಾಸು ಎತ್ತುತ್ತಲೇ ಇರಬೇಕು. ಬೇಡವೆಂದವನು ಗಂಡಸೇ ಅಲ್ಲ. ಬಿಳಿ ಸಿಪಾಯಿಗಳಿಗೆ ದಿನವೂ ಸಾರಾಯಿ ಪಡಿ. ಕಲ್ಕತ್ತೆಯ ವಕೀಲ ವಿಲಿಯಂ ಹಿಕ್ಕಿ ತನ್ನ ನೆನಪುಗಳಲ್ಲಿ ಇಂಥ ಔತಣಗಳನ್ನು ಬಾಯಿ ಚಪ್ಪರಿಸಿಕೊಂಡು ವರ್ಣಿಸಿದ್ದಾನೆ. ಅಲ್ಲಿ ವೆಲ್ಲೆಸ್ಲಿಯೂ ಕೂತಿದ್ದ, ಕುಡಿದೂ ಇದ್ದ. ಅವನನ್ನು ಸಂತನೆಂದು ನಾನು ಹೇಳುತ್ತಿಲ್ಲ.

ಅದೇ ವರ್ಷ ಮನಿಲಾ ಕಡೆಗೆ ದಂಡು ಹಡಗೇರಿದಾಗ ನಡೆದ ಒಂದು ಘಟನೆ ಓದಿ ನನಗೆ ಬಹಳ ಸಂಕಟವಾಯಿತು. ರೆಜಿಮೆಂಟಿನ ಪಾದ್ರಿ ಬ್ಲಂಟ್ ಎಂಬ ತರುಣ ಕಂಠಪೂರ್ತಿ ಕುಡಿದು, ಬಟ್ಟೆಯಿಲ್ಲದೆ ಸಿಪಾಯಿಗಳ ನಡುವೆ ಬಂದು ಹೊಲಸು ಹಾಡು ಹಾಡಿದ. ಅಮಲಿಳಿದ ಮೇಲೆ ನಾಚಿಕೆಯಿಂದ ಅನ್ನ ನೀರು ಬಿಟ್ಟ. ವೆಲ್ಲೆಸ್ಲಿಗೆ ಸುದ್ದಿ ಮುಟ್ಟಿದಾಗ ಅವನು ಬೈಯಲಿಲ್ಲ. ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ನೀನೂ ಮರೆತುಬಿಡು ಎಂಬರ್ಥದಲ್ಲಿ ಸಮಾಧಾನ ಹೇಳಿದ. ಪಾದ್ರಿ ಕೇಳಲಿಲ್ಲ. ಸುಮಾರು ಹತ್ತು ದಿನಗಳಲ್ಲಿ ಕೊರಗಿಯೇ ಸತ್ತ. ಕುಡಿಸಿದವರಲ್ಲಿ ಒಬ್ಬರಾದರೂ ಕೊರಗಿದರೋ ಇಲ್ಲವೋ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ತನ್ನ ರಾಜ್ಯದಲ್ಲಿ ಮದ್ಯವನ್ನೇ ನಿಷೇಧಿಸಲು ಹೊರಟಿದ್ದ ಟಿಪ್ಪುವಿನ ರಾಜಧಾನಿಯಲ್ಲಿ ಆ ರಾತ್ರಿ ಗೆದ್ದವರ ಕುಡಿತ, ಲೂಟಿ. ಮರುದಿನ ಊರಿನ ಹೊಣೆ ಹೊತ್ತ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಚಾಟಿಯೇಟು ಕೊಡಿಸಿ ಹತೋಟಿಗೆ ತಂದ. ಆಮೇಲೆ ದರಿಯಾ ದೌಲತ್‌ನಲ್ಲಿ ವಾಸ. ಪೂರ್ಣಯ್ಯನವರೊಂದಿಗೆ ಆಡಳಿತದ ಒಡನಾಟ, ಧೋಂಡಿಯ ವಾಘನ ಬೆನ್ನಟ್ಟಿ ಕುದುರೆ ಮೇಲೆಯೇ ತಿಂಗಳುಗಳು.

ಈ ವರ್ಷಗಳಲ್ಲಿ ಅವನ ಜೊತೆಗಿದ್ದ ಎಲರ್ಸ್ ಎಂಬ ಅಧಿಕಾರಿ ಅವನ ಮಿತವನ್ನು ಬರೆದಿಟ್ಟಿದ್ದಾನೆ. ಊಟದ ವೇಳೆ ಜೊತೆಯವರ ಮರ್ಯಾದೆಗೆ ನಾಲ್ಕೈದು ಗ್ಲಾಸು, ಊಟದ ಮೇಲೆ ಸುಮಾರು ಒಂದು ಪಿಂಟು, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರು, ಕ್ಲಾರೆಟ್ ಎಂಬ ಕೆಂಪು ವೈನು. ಇದು ಆ ಕಾಲದ ಮಿತಪಾನ! ಇವತ್ತಿನ ಡಾಕ್ಟರಿಗೆ ಹೇಳಿದರೆ ಚೀಟಿಯಲ್ಲೇ ಎಚ್ಚರಿಕೆ ಬರೆದುಕೊಡುತ್ತಾರೆ. ಆದರೆ ಸುತ್ತಲಿನವರ ಅಳತೆಗೆ ಅದು ಬರೀ ನಾಲಿಗೆ ಒದ್ದೆ ಮಾಡಿಕೊಂಡ ಹಾಗೆ. ಭಾರತದಲ್ಲಿ ಆರೋಗ್ಯವಾಗಿರಲು ತನಗೆ ಗೊತ್ತಿರುವ ಉಪಾಯವನ್ನೂ ಒಂದು ಕಾಗದದಲ್ಲಿ ಬರೆದ. ಹಿತಮಿತವಾಗಿ ಬಾಳುವುದು, ವೈನನ್ನು ಆದಷ್ಟು ದೂರವಿಡುವುದು, ಮೈಗೆ ವ್ಯಾಯಾಮ, ತಲೆಗೆ ಕೆಲಸ, ಜನರ ಮೇಲೆ ಮುನಿಸಿಲ್ಲದ ಮನಸ್ಸು. ನಮ್ಮಜ್ಜಿಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಿದ್ದರು, ವೈನಿನ ಮಾತೊಂದನ್ನು ಬಿಟ್ಟು.

ಪೂರ್ತಿ ಬಿಡುವುದಕ್ಕಿಂತ ಕಡಿಮೆ ಕುಡಿಯುವುದೇ ಕಷ್ಟ ಎನ್ನುವುದು ನನಗೆ ಮದುವೆಯಾದ ಮೇಲೆ ತಿಳಿದದ್ದು. ನಮ್ಮ ಯಜಮಾನರು ವಾಯುಪಡೆಯಲ್ಲಿದ್ದವರು. ಬೇಡವೇ ಬೇಡ ಎಂದವರಿಗೆ ವ್ರತ, ದೇವರು, ಡಾಕ್ಟರು ಹೀಗೆ ಏನಾದರೊಂದು ನೆಪ ಸಿಗುತ್ತದೆ. ಒಂದೇ ಗ್ಲಾಸು ಸಾಕು ಎನ್ನುವವರಿಗೆ ಯಾವ ನೆಪವೂ ಇಲ್ಲ. ಮೆಸ್ಸಿನ ಪಾರ್ಟಿಗಳಲ್ಲಿ ಇವರು ಅದೇ ಗ್ಲಾಸನ್ನು ಸಂಜೆಯೆಲ್ಲ ಹಿಡಿದು, ಐಸು ಕರಗಿ ಅದರ ಬಣ್ಣವೇ ಹೋಗುವವರೆಗೆ ನಗುನಗುತ್ತಾ ನಿಂತಿರುತ್ತಿದ್ದರು. ಸುತ್ತಲಿನವರ ಕುಚೋದ್ಯ ಕೇಳಿ ಸಿಟ್ಟು ಬರುತ್ತಿದ್ದುದು ನನಗೆ, ಅವರಿಗಲ್ಲ. ವೆಲ್ಲೆಸ್ಲಿ ಮೇಲಧಿಕಾರಿಯಾಗಿದ್ದ, ಹಾಗಾಗಿ ಅವನನ್ನು ಬಲವಂತ ಮಾಡುವ ಧೈರ್ಯ ಕಡಿಮೆ ಜನಕ್ಕಿತ್ತು. ಇದನ್ನೂ ಒಪ್ಪಬೇಕು.

1803ರಲ್ಲಿ ಅವನು ನಮ್ಮ ವಿದರ್ಭಕ್ಕೆ ಬಂದ. ಜೊತೆಗೆ ಮೈಸೂರಿನ ಕುದುರೆ ದಂಡು, ಸಾಮಾನು ಎಳೆಯಲು ಅವನು ತುಂಬಾ ಮೆಚ್ಚಿದ್ದ ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು. ಸೆಪ್ಟೆಂಬರ್ 23ರಂದು ಅಸ್ಸಾಯೆ, ನವೆಂಬರ್ 29ರಂದು ಅಕೋಲಾ ಕಡೆಯ ಅಡಗಾಂವ್. ಅಡಗಾಂವ್‌ನಲ್ಲಿ ಫಿರಂಗಿ ಸದ್ದಿಗೆ ಕೆಲವು ಪಡೆಗಳು ದಿಕ್ಕೆಟ್ಟು ಓಡಿದಾಗ ಕೂಗಾಡದೆ, ತಾನೇ ಹೋಗಿ ಅವರನ್ನು ಮತ್ತೆ ಸಾಲುಗಟ್ಟಿಸಿ ನಿಲ್ಲಿಸಿದ. ಬೆಳಿಗ್ಗೆಯಿಂದ ನಡೆದು ದಣಿದಿದ್ದ ದಂಡದು. ತಲೆ ನೆಟ್ಟಗಿದ್ದವನಿಗೆ ಮಾತ್ರ ಸಾಧ್ಯವಾದ ಕೆಲಸ. ಡಿಸೆಂಬರ್ 15ರಂದು ಚಿಖಲ್ದರಾ ಪಕ್ಕದ ಗಾವಿಲಗಡ ಕೋಟೆಯೂ ಬಿತ್ತು. ಎರಡೇ ದಿನಕ್ಕೆ ದೇವಗಾಂವ್ ಒಪ್ಪಂದ. ಎರಡನೇ ರಘೂಜಿ ಭೋಸಲೆ ಕಟಕ್ ಪ್ರಾಂತ್ಯವನ್ನೂ ವರ್ಧಾ ನದಿಯ ಪಶ್ಚಿಮದ ನೆಲವನ್ನೂ ಕಳೆದುಕೊಂಡ. ಇವತ್ತು ಅದೇ ನದಿಯ ಹೆಸರಿನ ಜಿಲ್ಲೆಯಲ್ಲಿ ಪಾನನಿಷೇಧವಿದೆ, ಅದು ಗಾಂಧೀಜಿಯ ನಂಟಿನಿಂದ. ನಮ್ಮ ನೆಲ ಕಸಿದವನನ್ನು ಹೊಗಳಲು ನನಗೆ ಮನಸ್ಸಿಲ್ಲ. ಅವನ ಗ್ಲಾಸಿನ ಲೆಕ್ಕವನ್ನಷ್ಟೇ ಮೆಚ್ಚುತ್ತೇನೆ.

ತಾನು ಅಳೆದು ಕುಡಿದನೇ ಹೊರತು ಸೈನಿಕರ ಸಾರಾಯಿಯನ್ನು ಅವನು ನಿಲ್ಲಿಸಲಿಲ್ಲ. ದಂಡಯಾತ್ರೆಯ ಸಾಮಾನಿನ ಪಟ್ಟಿಯಲ್ಲಿ ಕಬ್ಬಿಣದ ಬಳೆ ಬಿಗಿದ ಸಾರಾಯಿ ಪೀಪಾಯಿಗಳೂ ಇರುತ್ತಿದ್ದವು. ಇಂಗ್ಲಿಷ್ ಸಿಪಾಯಿ ಸೈನ್ಯಕ್ಕೆ ಸೇರುವುದೇ ಕುಡಿತಕ್ಕಾಗಿ ಎಂದು ಮುಂದೆ ಕಹಿಯಾಗಿ ಹೇಳಿದವನೂ ಇವನೇ. 1812ರ ಏಪ್ರಿಲ್‌ನಲ್ಲಿ ಸ್ಪೇನಿನ ಬದಾಹೋಸ್ ಕೋಟೆ ಹಿಡಿದ ಮೇಲೆ ಅವನ ಸೈನಿಕರು ಕುಡಿದು ದಿನಗಟ್ಟಲೆ ಊರನ್ನು ಸೂರೆಗೈದರು. ಹೆಂಗಸರು, ಮಕ್ಕಳು ಅನುಭವಿಸಿದ್ದನ್ನು ಇಲ್ಲಿ ಬರೆಯಲಾರೆ. ಕೊನೆಗೆ ಊರ ಚೌಕದಲ್ಲಿ ನೇಣುಗಂಬ ನಿಲ್ಲಿಸಿದ ಮೇಲೆಯೇ ಅವರು ತಣ್ಣಗಾದದ್ದು.